ಇಪ್ಪತ್ತೈದರ ಕಟ್ಟು

ಪರೀಕ್ಷಾ ಕೊಠಡಿಯಲ್ಲಿ ಚೀಟಿ ಹಿಡಿಯುವುದರಲ್ಲಿ ನನಗೆ ದೊಡ್ಡ ಹೆಸರಿತ್ತು. ಅಂಗಿಯ ಕಾಲರಿನೊಳಗೆ, ಕ್ಯಾಲ್ಕುಲೇಟರಿನ ಮುಚ್ಚಳದೊಳಗೆ, ವಾಚಿನ ಪಟ್ಟಿಯ ಅಡಿಯಲ್ಲಿ, ಒಮ್ಮೆ ಕಾಲಿಗೆ ಕಟ್ಟಿದ್ದ ಬ್ಯಾಂಡೇಜಿನ ಮಡಿಕೆಯಲ್ಲಿಯೂ ಹಿಡಿದಿದ್ದೇನೆ. ನಾನು ಕೊಠಡಿ ಮೇಲ್ವಿಚಾರಕಿಯಾಗಿ ಬರುತ್ತೇನೆಂದು ಗೊತ್ತಾದರೆ ಹುಡುಗರು ಬಾಗಿಲ ಹೊರಗೇ ಜೇಬು ಖಾಲಿ ಮಾಡುತ್ತಿದ್ದರಂತೆ. ಇದನ್ನು ನಾನು ಸ್ಟಾಫ್ ರೂಮಿನಲ್ಲಿ ಕುಳಿತು ಚಹಾದ ಜೊತೆಗೆ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ. ಯಾಕೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಸ್ಯಶಾಸ್ತ್ರ ಪಾಠ ಮಾಡುತ್ತ ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ ಎಂದು ಮೂರು ತಾಲೂಕುಗಳ ಕಾಲೇಜುಗಳಲ್ಲಿ ಆಯುಷ್ಯ ಕಳೆದವಳು ನಾನು. ಯಾವ ವರ್ಷ ಯಾವ ಹುದ್ದೆ, ಯಾವಾಗ ಬಡ್ತಿ ಎಂಬುದೆಲ್ಲ ನನ್ನ ಸೇವಾ ಪುಸ್ತಕದಲ್ಲಿ ಉಂಟು, ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ಹೊಸದಾಗಿ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, "ಮೇಡಂ, ಪಾಠ ಮಾಡುವುದು ಹೇಗೆ ಹೇಳಿ" ಎಂದು ಕೇಳುತ್ತಾರೆ. ಪಾಠ ಮಾಡುವುದು ಹೇಗೋ ಬರುತ್ತದೆ. ಮಕ್ಕಳು ಕಲಿಯುವುದು ಹೇಗೆ ಎಂದು ನನಗೆ ಬಹಳ ತಡವಾಗಿ ತಿಳಿಯಿತು, ಅದೂ ಮಕ್ಕಳೇ ಕಲಿಸಿದ್ದು.

ನನ್ನ ಮೊದಲ ಕಾಲೇಜು ಬಂಟ್ವಾಳದ ಕಡೆಯದು. ಅಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಬಹಳ ಶಿಸ್ತಿನ ಮನುಷ್ಯ. ಮೊದಲ ದಿನವೇ ನನ್ನ ಕೈಗೆ ರಟ್ಟು ಹಾಕಿದ ದಪ್ಪ ನೋಟ್‌ಬುಕ್ಕೊಂದನ್ನು ಕೊಟ್ಟು, "ಇದರಲ್ಲಿ ಎಲ್ಲ ಉಂಟು. ನೀವು ಓದಿ ಹೇಳಿ, ಅವರು ಬರ್ಕೊಳ್ಳಲಿ. ಬರ್ಕೊಂಡದ್ದನ್ನು ಬಾಯಿಪಾಠ ಮಾಡಲಿ. ಹೆಚ್ಚು ತಲೆ ಓಡಿಸಬೇಡಿ" ಎಂದರು. ನಾನು ಓಡಿಸಲಿಲ್ಲ. ಅವರ ನೋಟ್ಸನ್ನು ಮುತ್ತಿನಂಥ ಅಕ್ಷರದಲ್ಲಿ ನನ್ನದೊಂದು ಪುಸ್ತಕಕ್ಕೆ ಇಳಿಸಿಕೊಂಡೆ. ಮೂಡುಬಿದಿರೆಗೆ ವರ್ಗವಾದಾಗ ಆ ಪುಸ್ತಕ ಹಳೆಯದಾಗಿತ್ತೆಂದು ಇನ್ನೊಂದಕ್ಕೆ ಇಳಿಸಿದೆ. ಕರಿಹಲಗೆ ಹೋಗಿ ಬಿಳಿಹಲಗೆ ಬಂತು, ಬರೆದುಕೊಳ್ಳುವ ಬದಲು ಜೆರಾಕ್ಸ್ ಬಂತು, ಆಮೇಲೆ ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸಾಪಿನ ಗುಂಪಿಗೆ ಹಾಕುವುದು ಬಂತು. ಹಾಕುತ್ತಿದ್ದದ್ದು ಮಾತ್ರ ಅದೇ ನೋಟ್ಸು.

ಬಂಟ್ವಾಳದಲ್ಲಿರುವಾಗಲೇ ಒಬ್ಬಳು ಹುಡುಗಿ ನನಗೆ ಮೊದಲ ಪಾಠ ಹೇಳಿದಳು. ನನಗೆ ಕೇಳಿಸಲಿಲ್ಲ, ಅಷ್ಟೆ. ಅವಳು ಕೊಕ್ಕಡದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಸುಮಲತಾ. ತರಗತಿಯಲ್ಲಿ ಬಾಯಿ ಬಿಡದವಳು, ಪರೀಕ್ಷೆಯಲ್ಲಿ ಮಾತ್ರ ಚೆನ್ನಾಗಿ ಬರೆಯುತ್ತಿದ್ದಳು. ಹೇಗೆ ಓದುತ್ತೀ ಎಂದು ಕೇಳಿದರೆ, "ನಾನು ಓದುವುದಿಲ್ಲ ಮೇಡಂ, ಅಜ್ಜಿಗೆ ಹೇಳ್ತೇನೆ" ಎಂದಳು. ದಿನಾ ಸಂಜೆ ಅಜ್ಜಿ ಬಚ್ಚಲಿಗೆ ಬೆಂಕಿ ಹಾಕುತ್ತ ಕುಳಿತಿರುವಾಗ ಅಂದಿನ ಪಾಠವನ್ನೆಲ್ಲ ಅವರಿಗೆ ತುಳುವಿನಲ್ಲಿ ಹೇಳಬೇಕು. ಅಜ್ಜಿಗೆ ಶಾಲೆಯ ಮೆಟ್ಟಿಲು ಗೊತ್ತಿಲ್ಲ. ಅರ್ಥವಾಗದಿದ್ದರೆ ಹೂಂ ಅನ್ನುವುದಿಲ್ಲ, ಹೂಂ ಅನ್ನದಿದ್ದರೆ ಪಾಠ ಮುಂದೆ ಹೋಗುವುದಿಲ್ಲ.

"ನಿನ್ನೆ ಅಜ್ಜಿ ಒಂದು ಕೇಳಿದ್ರು ಮೇಡಂ. ಎಲೆ ಬಿಸಿಲಲ್ಲಿ ಅಡುಗೆ ಮಾಡ್ತದೆ ಅಂತ ಹೇಳಿದೆಯಲ್ಲ, ಹಾಗಾದರೆ ನೆಲದ ಅಡಿಯಲ್ಲಿ ಇರುವ ಬೇರಿಗೆ ಬಡಿಸುವುದು ಯಾರು ಅಂತ. ನನಗೆ ಗೊತ್ತಾಗ್ಲಿಲ್ಲ. ಪುಸ್ತಕ ತೆಗೆದು ನೋಡಿದೆ."

ಅದು ಮುಂದಿನ ತಿಂಗಳ ಪಾಠ. ಹುಡುಗಿ ಅಜ್ಜಿಗೋಸ್ಕರ ಆಗಲೇ ಓದಿ ಮುಗಿಸಿದ್ದಳು. ನಾನು ನಕ್ಕು, "ಒಳ್ಳೆಯ ಅಜ್ಜಿ" ಎಂದು ಹೇಳಿ ಮರೆತುಬಿಟ್ಟೆ. ಇಂದು ಆ ಅಜ್ಜಿ ಸಿಕ್ಕಿದರೆ ಕಾಲಿಗೆ ಬೀಳುತ್ತೇನೆ.

ಮೂಡುಬಿದಿರೆಯಲ್ಲಿ ನಡೆದದ್ದು ಇದಕ್ಕಿಂತ ಫಜೀತಿಯದು. ಒಂದೇ ಬಾಡಿಗೆ ಕೋಣೆಯಲ್ಲಿದ್ದ ಮೂವರು ಹುಡುಗರ ನೋಟ್‌ಬುಕ್ ತಪಾಸಣೆಗೆ ತೆಗೆದುಕೊಂಡಿದ್ದೆ. ತೆರೆದು ನೋಡಿದರೆ ತಲೆ ತಿರುಗಿತು. ಭತ್ತಕ್ಕೆ ಎರಡು ಬೀಜದಳವಂತೆ, ಅಣಬೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುತ್ತದಂತೆ! ಪುಟಕ್ಕೆ ಐದು ತಪ್ಪು, ಮೂವರದ್ದೂ ಹಾಗೆಯೇ. ರಾತ್ರಿ ಊಟ ಬಿಟ್ಟು ಕುಳಿತು ಕೆಂಪು ಶಾಯಿಯಲ್ಲಿ ಒಂದೊಂದನ್ನೂ ತಿದ್ದಿದೆ. ಮರುದಿನ ತರಗತಿಯಲ್ಲಿ ಮೂವರನ್ನೂ ನಿಲ್ಲಿಸಿ ಬಾಯಿಗೆ ಬಂದಂತೆ ಬೈದೆ. ಅವರಲ್ಲಿ ಒಬ್ಬ, ಅಳದಂಗಡಿಯ ಸುಕುಮಾರ ಎಂಬವನು, ಬೈಗುಳ ಮುಗಿಯುವವರೆಗೆ ತಾಳ್ಮೆಯಿಂದ ನಿಂತು ಕೊನೆಗೆ ಹೇಳಿದ:

"ಮೇಡಂ, ಅದು ಬೇಕಂತಲೇ ಬರೆದದ್ದು. ನಾವು ಪುಟಕ್ಕೆ ಐದು ಸುಳ್ಳು ಸೇರಿಸಿ ಬರೀತೇವೆ, ಮತ್ತೆ ಪುಸ್ತಕ ಅದಲು ಬದಲು ಮಾಡ್ತೇವೆ. ಒಬ್ಬನ ಸುಳ್ಳನ್ನು ಇನ್ನೊಬ್ಬ ಹಿಡೀಬೇಕು. ಹಿಡಿಯದಿದ್ದವ ಪಾತ್ರೆ ತೊಳೀಬೇಕು. ಈಗ ನೀವೇ ಎಲ್ಲ ಹಿಡಿದ್ರಿ, ನಮಗೆ ಎಂತ ಉಳಿಯಲಿಲ್ಲ."

ತರಗತಿ ಬಿದ್ದು ಬಿದ್ದು ನಕ್ಕಿತು. ನನಗೆ ಇನ್ನಷ್ಟು ಸಿಟ್ಟು ಬಂತು. ನೋಟ್ಸೆಂದರೆ ಆಟವಲ್ಲ ಎಂದು ಹೇಳಿ ಮೂವರಿಗೂ ಸೊನ್ನೆ ಹಾಕಿದೆ. ಒಳ್ಳೆಯ ಸುಳ್ಳು ಬರೆಯಬೇಕಾದರೆ ನಿಜ ಎಷ್ಟು ಚೆನ್ನಾಗಿ ಗೊತ್ತಿರಬೇಕು ಎಂದು ಒಂದು ಕ್ಷಣವೂ ಯೋಚಿಸಲಿಲ್ಲ.

ಆಮೇಲೆ ಬೆಳ್ತಂಗಡಿ ತಾಲೂಕಿಗೆ ಬಂದೆ. ಕಾಲೇಜಿನ ಹೆಸರು ಬೇಡ. ಅಲ್ಲಿ ಕೊನೆಯ ವರ್ಷದ ತರಗತಿಯಲ್ಲಿ ಮಿಸ್ರಿಯಾ ಎಂಬ ಹುಡುಗಿ ಇದ್ದಳು. ಪುಂಜಾಲಕಟ್ಟೆಯಿಂದ ಬರುತ್ತಿದ್ದಳು, ಕೊನೆಯ ಸಾಲಿನ ಕೊನೆಯ ಜಾಗ ಅವಳದು. ಎಡಗೈಯನ್ನು ಯಾವಾಗಲೂ ಬುರ್ಖಾದ ತೋಳಿನೊಳಗೆ ಇಟ್ಟುಕೊಂಡಿರುತ್ತಿದ್ದಳು. ನಾನು ಹಾಕುತ್ತಿದ್ದ ವಾಟ್ಸಾಪ್ ನೋಟ್ಸನ್ನು ತೆರೆದು ನೋಡಿದ್ದೂ ಇಲ್ಲ, ಅವಳ ಹತ್ತಿರ ಫೋನೇ ಇರಲಿಲ್ಲ. ಆದರೂ ಅಂಕ ಬರುತ್ತಿತ್ತು. ಅದೇ ನನಗೆ ಅನುಮಾನ ಹುಟ್ಟಿಸಿದ್ದು. ಓದುವುದು ಕಾಣುವುದಿಲ್ಲ, ಅಂಕ ಮಾತ್ರ ಕಾಣುತ್ತದೆ ಎಂದರೆ ಏನರ್ಥ?

ವಿಶ್ವವಿದ್ಯಾನಿಲಯದ ಕೊನೆಯ ಪರೀಕ್ಷೆ, ಸಸ್ಯಶಾಸ್ತ್ರದ ಪತ್ರಿಕೆ. ಮೇಲ್ವಿಚಾರಣೆಗೆ ಬರಬೇಕಾದವರಿಗೆ ಜ್ವರವೆಂದು ಅವರ ಬದಲಿಗೆ ನಾನು ಹೋಗಿದ್ದೆ. ಒಂದು ಗಂಟೆ ಕಳೆದಿರಬೇಕು. ಹಿಂದಿನಿಂದ ನಡೆದು ಬರುವಾಗ ನೋಡುತ್ತೇನೆ, ಮಿಸ್ರಿಯಾಳ ಬಲಗೈ ಬರೆಯುತ್ತಿದೆ, ಎಡಗೈ ಬೆಂಚಿನ ಅಡಿಯಲ್ಲಿ ಏನನ್ನೋ ಮಾಡುತ್ತಿದೆ. ಹೆಬ್ಬೆರಳು ಉಳಿದ ಬೆರಳುಗಳ ತುದಿಯ ಮೇಲೆ ಸರಸರ ಉರುಳುತ್ತದೆ, ಒಂದು ಸಲ ಒತ್ತುತ್ತದೆ, ಮತ್ತೆ ಉರುಳುತ್ತದೆ. ಚೀಟಿ ಬಿಚ್ಚುವವರು ಹೀಗೆಯೇ ಮಾಡುವುದು. ನಾನು ಬೇಟೆ ಸಿಕ್ಕಿದವಳ ಹಾಗೆ ಹೋಗಿ ಆ ಕೈಯನ್ನು ಹಿಡಿದು ಮೇಲೆತ್ತಿದೆ.

ಕೈ ಖಾಲಿ. ಬೆಂಚಿನ ಅಡಿ ಖಾಲಿ. ಆದರೆ ಬೆರಳ ತುದಿಗಳಲ್ಲಿ ಕಂದು ಬಣ್ಣದ ಕಲೆ ಇತ್ತು. ಬರೆದದ್ದನ್ನು ಉಗುಳಿನಿಂದ ಉಜ್ಜಿ ಅಳಿಸಿದ್ದಾಳೆ ಎಂದು ನಾನು ತೀರ್ಮಾನಿಸಿಯೇಬಿಟ್ಟೆ.

"ಎಂತ ಇತ್ತು ಕೈಯಲ್ಲಿ?"

"ಎಂತದೂ ಇಲ್ಲ ಮೇಡಂ."

"ಮತ್ತೆ ಅಡಿಯಲ್ಲಿ ಎಂತ ಮಾಡ್ತಾ ಇದ್ದದ್ದು?"

ಅಕ್ಕಪಕ್ಕದವರು ತಿರುಗಿ ನೋಡಿದರು, ಅವಳ ಮುಖ ಇಳಿದುಹೋಯಿತು. ನಾನು ಉತ್ತರ ಪತ್ರಿಕೆ ಕಿತ್ತುಕೊಂಡು, ನಕಲಿನ ಫಾರ್ಮು ತರಿಸಿ, ಅದರ ಮೇಲೆ ಅವಳ ನೋಂದಣಿ ಸಂಖ್ಯೆ ಬರೆದು, ನನ್ನ ಸಹಿ ಹಾಕಿದೆ. ಕೊಠಡಿಯನ್ನು ಪಕ್ಕದ ಮೇಲ್ವಿಚಾರಕರಿಗೆ ಒಪ್ಪಿಸಿ, ಅವಳನ್ನು ಕರೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದೆ.

ನಮ್ಮ ಪ್ರಿನ್ಸಿಪಾಲರು ಅರ್ಥಶಾಸ್ತ್ರದವರು. ಮಾತು ಕಮ್ಮಿ, ನಿಯಮ ಜಾಸ್ತಿ. ಫಾರ್ಮನ್ನು ನೋಡಿ, ದಾಖಲೆ ಪುಸ್ತಕದಲ್ಲಿ ಅದಕ್ಕೆ ನಂಬರು ಹಾಕಿಸಿ, ಹುಡುಗಿಯನ್ನು ಕೇಳಿದರು: "ಇದು ವಿಶ್ವವಿದ್ಯಾನಿಲಯಕ್ಕೆ ಹೋದರೆ ಈ ಸಲ ಬರೆದ ಎಲ್ಲ ಪತ್ರಿಕೆಯೂ ಹೋಗ್ತದೆ. ಗೊತ್ತುಂಟಲ್ಲ? ಹೇಳುವುದು ಏನಾದರೂ ಉಂಟಾ?"

ಮಿಸ್ರಿಯಾ ನೆಲ ನೋಡುತ್ತ ನಿಂತಿದ್ದಳು. ಹೇಳಿದ್ದು ಒಂದೇ ಮಾತು: "ನನ್ನನ್ನು ಮತ್ತೆ ಕಳಿಸುವುದಿಲ್ಲ ಸರ್ ಮನೆಯಿಂದ."

ಆಗ ನೀರಿನ ಜಗ್ಗು ಇಡಲು ಬಂದಿದ್ದ ನಮ್ಮ ಅಟೆಂಡರ್ ಗಿರಿಜಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಪುಂಜಾಲಕಟ್ಟೆಯ ಕಡೆಯವಳೇ, ಎಷ್ಟೋ ವರ್ಷ ನಮ್ಮಲ್ಲಿ ಗಂಟೆ ಹೊಡೆದವಳು. ಹುಡುಗಿ ನಿಂತಲ್ಲಿ, ಅಳು ತಡೆದುಕೊಳ್ಳುವ ಹೊತ್ತಿಗೆ, ಆ ಎಡಗೈ ತನ್ನಷ್ಟಕ್ಕೆ ಮತ್ತೆ ಆಡತೊಡಗಿತ್ತು. ಗಿರಿಜಕ್ಕ ಅದನ್ನೇ ನೋಡಿದಳು.

"ಎಂಚಿನ ಮೇಡಂ ಉಂದು," ಎಂದಳು ತುಳುವಿನಲ್ಲಿ, "ಅವು ಬೀಡಿ ಕಟ್ಟುನ ಕೈ!"

ನನಗೆ ತುಳು ಬರುತ್ತದೆ. ಆದರೂ ಅದು ಬೀಡಿ ಕಟ್ಟುವ ಕೈ ಎಂದರೆ ಏನೆಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಂಗಡಿಯವರ ಮಗಳು ನಾನು, ನಮ್ಮ ಮನೆಯಲ್ಲಿ ಯಾರೂ ಬೀಡಿ ಕಟ್ಟಿದವರಲ್ಲ. ಗಿರಿಜಕ್ಕ ಈ ಕೆಲಸಕ್ಕೆ ಸೇರುವ ಮೊದಲು ಹದಿನೈದು ವರ್ಷ ಕಟ್ಟಿದವಳು. ಅವಳೇ ಪ್ರಿನ್ಸಿಪಾಲರ ಮುಂದೆ ನಿಂತು ಕನ್ನಡದಲ್ಲಿ ಬಿಡಿಸಿ ಹೇಳಿದಳು.

"ಸರ್, ಇವಳ ಉಮ್ಮನನ್ನು ನನಗೆ ಗೊತ್ತುಂಟು. ದಿನಕ್ಕೆ ಇಷ್ಟು ಬೀಡಿ ಕಟ್ಟಿ ಕೊಟ್ಟರೆ ಕಾಲೇಜಿಗೆ ಹೋಗು, ಫೇಲಾದರೆ ಮನೆಯಲ್ಲಿ ಕೂತ್ಕೋ ಅಂತ ಹೇಳಿಯೇ ಕಳಿಸುವುದು. ಎಲೆಯ ಕಲೆ ಸರ್ ಅದು ಬೆರಳಲ್ಲಿ. ಸಾಬೂನಿಗೆ ಹೋಗುವುದಿಲ್ಲ."

ಎಲೆಯ ಕಲೆ. ಮೂವತ್ತು ವರ್ಷ ಎಲೆಯ ಪಾಠ ಮಾಡಿದ ನನಗೆ ಆ ಕಲೆಯ ಗುರುತಾಗಲಿಲ್ಲ.

ಆದರೂ ನಾನು ಸೋಲಲು ತಯಾರಿರಲಿಲ್ಲ. ಬೀಡಿ ಕಟ್ಟುವುದು ಮನೆಯಲ್ಲಿ, ಪರೀಕ್ಷೆಯಲ್ಲಿ ಯಾಕೆ ಎಂದೆ. ಆಗ ಮಿಸ್ರಿಯಾ ಬಾಯಿ ಬಿಟ್ಟಳು. ಮೊದಮೊದಲು ತಡವರಿಸಿ, ಆಮೇಲೆ ಸಲೀಸಾಗಿ.

"ನಾನು ಓದುವುದು ಹಾಗೆಯೇ ಮೇಡಂ. ಎಲೆ, ಹೊಗೆಸೊಪ್ಪು ಹಾಕಿದ ತಡ್ಪೆಯನ್ನು ಮಡಿಲಲ್ಲಿ ಇಟ್ಟು ಬೀಡಿ ಕಟ್ಟುವಾಗ ಪುಸ್ತಕ ಹಿಡಿಯಲಿಕ್ಕೆ ಕೈ ಇಲ್ಲ. ಅದಕ್ಕೆ ಒಂದು ಬೀಡಿಗೆ ಒಂದು ಮಾತು. ಕಟ್ಟುವ ಮೊದಲು ಒಂದು ಸಲ ನೋಡ್ತೇನೆ, ಮತ್ತೆ ನೋಡುವುದಿಲ್ಲ. ಇಪ್ಪತ್ತೈದು ಬೀಡಿ ಆದರೆ ಒಂದು ಕಟ್ಟು, ಇಪ್ಪತ್ತೈದು ಮಾತು ಆದರೆ ಒಂದು ಪಾಠ. ನೂಲು ಸುತ್ತುವ ಮೊದಲು ಎಲ್ಲವನ್ನೂ ಮೊದಲಿಂದ ಹೇಳ್ಬೇಕು. ಒಂದು ಮರೆತರೂ ಕಟ್ಟು ಕಟ್ಟುವ ಹಾಗಿಲ್ಲ. ಬೆರಳು ಆಡಿದರೆ ಮಾತು ಬರ್ತದೆ. ಆಡದಿದ್ದರೆ ಬರುವುದಿಲ್ಲ."

ಪ್ರಿನ್ಸಿಪಾಲರು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದರು. "ಮೇಡಂ, ನೀವು ಕೇಳಿ ನೋಡಿ. ಪುಸ್ತಕದ ಯಾವ ಜಾಗದಿಂದ ಬೇಕಾದರೂ ಕೇಳಿ."

ಅವಳು ಬರೆಯುತ್ತಿದ್ದ ಪ್ರಶ್ನೆಯನ್ನೇ ಕೇಳಿದೆ. ಹೂವಿನ ಒಳಗೆ ಬೀಜ ಹುಟ್ಟಲು ಜಾಗ ಸಿದ್ಧವಾಗುವ ಕ್ರಮ, ಹೆಜ್ಜೆ ಹೆಜ್ಜೆಯಾಗಿ ಹೇಳಬೇಕಾದದ್ದು. ಮಿಸ್ರಿಯಾ ಪ್ರಿನ್ಸಿಪಾಲರ ಕಡೆ ನೋಡಿದಳು, ಅವರು ಆಗಬಹುದು ಎಂದು ತಲೆ ಆಡಿಸಿದರು. ಅವಳು ಎಡಗೈಯನ್ನು ತೋಳಿನೊಳಗೆ ಎಳೆದುಕೊಂಡು, ಅಲ್ಲಿಯೇ ಬೆರಳು ಆಡಿಸುತ್ತ ಹೇಳತೊಡಗಿದಳು. ಬಟ್ಟೆ ಅಲ್ಲಾಡುವುದಷ್ಟೇ ನಮಗೆ ಕಾಣುತ್ತಿತ್ತು. ಮಾತು ಮಾತ್ರ ಒಂದರ ಹಿಂದೆ ಒಂದು, ನೂಲು ಹಿಡಿದಂತೆ ಬರುತ್ತಿತ್ತು. ಒಂದು ತಾಯಿ ಕೋಶ, ಅದು ಒಡೆದು ಎರಡು, ಎರಡು ಒಡೆದು ಒಂದೇ ಸಾಲಿನಲ್ಲಿ ನಾಲ್ಕು. "ನಾಲ್ಕರಲ್ಲಿ ಮೂರು ಸಾಯ್ತದೆ, ಒಂದು ಉಳೀತದೆ. ಉಳಿದದ್ದು ದೊಡ್ಡದಾಗ್ತದೆ."

"ನಿಲ್ಲಿಸು!" ಎಂದೆ. ನನಗೆ ಗೆದ್ದೆ ಅನಿಸಿತ್ತು. "ಮೂರು ಸಾಯುವ ಮಾತು ನನ್ನ ನೋಟ್ಸಿನಲ್ಲಿ ಇಲ್ಲ. ಇಷ್ಟು ವರ್ಷದಲ್ಲಿ ನನ್ನ ಯಾವ ವಿದ್ಯಾರ್ಥಿಯೂ ಅದನ್ನು ಬರೆದದ್ದಿಲ್ಲ. ಸರ್, ಇವಳು ಬೇರೆ ಎಲ್ಲಿಂದಲೋ ನಕಲು ಮಾಡಿದ್ದು ಅಂತ ಆಯ್ತಲ್ಲ?"

ಮಿಸ್ರಿಯಾಳಿಗೆ ನನ್ನನ್ನು ತಿದ್ದುವ ಮನಸ್ಸಿರಲಿಲ್ಲ. ಅವಳು ಕ್ಷಮೆ ಕೇಳುವ ದನಿಯಲ್ಲಿಯೇ ಹೇಳಿದಳು.

"ನೀವು ಕ್ಲಾಸಲ್ಲಿ ಓದಿ ಹೇಳಿದ್ದನ್ನು ನಾನು ಬರ್ಕೊಂಡಿದ್ದೆ ಮೇಡಂ, ನಿಮ್ಮ ನೋಟ್ಸಲ್ಲಿ ನಾಲ್ಕು ಆಗ್ತದೆ ಅಂತ ಉಂಟು. ಅದರ ಕೆಳಗಿನ ಸಾಲಲ್ಲಿ ಒಂದು ದೊಡ್ಡದಾಗ್ತದೆ ಅಂತ ಉಂಟು. ಮೂರು ಎಲ್ಲಿ ಹೋಯ್ತು ಅಂತ ಇಲ್ಲ. ನಮ್ಮ ಕಟ್ಟಲ್ಲಿ ಮೂರು ಬೀಡಿ ಕಮ್ಮಿ ಇದ್ದರೆ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರು ಕೇಳ್ತಾರೆ, ಎಲ್ಲಿ ಹೋಯ್ತು ಅಂತ. ನನಗೆ ಕಟ್ಟು ಕಟ್ಟಲಿಕ್ಕೇ ಆಗ್ಲಿಲ್ಲ. ಲೈಬ್ರರಿಯಲ್ಲಿ ದೊಡ್ಡ ಪುಸ್ತಕ ನೋಡಿದೆ. ಅದರಲ್ಲಿ ಮೂರೂ ಸಾಯ್ತದೆ ಅಂತ ಇತ್ತು."

"ನನ್ನ ಹತ್ತಿರ ಯಾಕೆ ಕೇಳಲಿಲ್ಲ?"

"ನೀವು ಬೈತೀರಿ ಅಂತ."

ನನ್ನ ನೋಟ್ಸು ಚೀಲದಲ್ಲಿಯೇ ಇತ್ತು. ತೆಗೆದು ಆ ಪುಟ ತೆರೆದೆ. ನಾಲ್ಕು ಆಗುತ್ತದೆ ಎಂದು ಒಂದು ಸಾಲು. ಒಂದು ದೊಡ್ಡದಾಗುತ್ತದೆ ಎಂದು ಮುಂದಿನ ಸಾಲು. ನಡುವಿನದ್ದು ಇಲ್ಲ. ಹಳೆಯ ಪುಸ್ತಕದಿಂದ ಹೊಸದಕ್ಕೆ ಮುತ್ತಿನಂಥ ಅಕ್ಷರದಲ್ಲಿ ಇಳಿಸುವಾಗ ಒಂದು ಸಾಲು ನನ್ನ ಕೈಯಿಂದ ಬಿಟ್ಟುಹೋಗಿತ್ತು. ವಿಷಯ ನನಗೆ ಗೊತ್ತಿಲ್ಲದ್ದಲ್ಲ, ಕಾಲೇಜಿನಲ್ಲಿ ನಾನೇ ಓದಿ ಪಾಸಾದದ್ದು. ಆದರೆ ಓದಿ ಹೇಳುವ ಅಭ್ಯಾಸದಲ್ಲಿ ಎಷ್ಟೋ ವರ್ಷ ಆ ಪುಟವನ್ನು ಯೋಚಿಸದೆ ದಾಟಿದ್ದೆ. ನೂರಾರು ಮಕ್ಕಳು ಅದನ್ನು ಹಾಗೆಯೇ ಬರೆದುಕೊಂಡರು, ಹಾಗೆಯೇ ಬಾಯಿಪಾಠ ಮಾಡಿದರು, ಮೂರು ಕೋಶಗಳು ಎಲ್ಲಿ ಹೋದವೆಂದು ಒಬ್ಬರೂ ಕೇಳಲಿಲ್ಲ. ಕೇಳಿದವಳ ಕೈಯನ್ನು ನಾನು ಕಳ್ಳಿಯ ಕೈಯೆಂದು ಎತ್ತಿ ತೋರಿಸಿದ್ದೆ.

ಅಷ್ಟು ವರ್ಷ ಪಾಠ ಮಾಡಿಯೂ ಕಲಿಯುವುದೆಂದರೆ ಏನೆಂದು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಬುದ್ಧಿ ಇರುವುದು ತಲೆಯಲ್ಲಿ ಮಾತ್ರ ಎಂದುಕೊಂಡಿದ್ದೆ. ಈ ಹುಡುಗಿ ನನ್ನ ಇಡೀ ಪಠ್ಯವನ್ನು ಎಡಗೈಯ ಬೆರಳುಗಳಲ್ಲಿ ಹೊತ್ತುಕೊಂಡು ಬಸ್ಸು ಹತ್ತಿ ಬರುತ್ತಿದ್ದಳು.

"ಸರ್, ಆ ಫಾರ್ಮು ಹರಿದುಬಿಡಿ. ತಪ್ಪು ನನ್ನದು" ಎಂದೆ.

"ಹರಿಯುವ ಹಾಗಿಲ್ಲ ಮೇಡಂ. ನಂಬರು ಬಿದ್ದಿದೆ." ಅವರು ಫಾರ್ಮನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟರು. "ನೀವೇ ಬರೀಬೇಕು. ಬರೆದರೆ ನಿಮ್ಮ ಮೇಲೆ ಬರ್ತದೆ, ವಿವರಣೆ ಕೇಳ್ತಾರೆ. ಯೋಚನೆ ಮಾಡಿ."

ಯೋಚನೆ ಮಾಡಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಚೀಟಿ ಹಿಡಿಯುವ ಮೇಡಂ ಎಂಬ ಹೆಸರು ಅಷ್ಟು ಸುಲಭವಾಗಿ ಬಿಟ್ಟುಕೊಡುವಂಥದ್ದಲ್ಲ. ಸ್ಟಾಫ್ ರೂಮಿನಲ್ಲಿ ಯಾರು ಏನೆಂದು ನಗುತ್ತಾರೆ ಎಂಬುದೂ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಗಿರಿಜಕ್ಕ ಗೋಡೆಯ ಗಡಿಯಾರ ನೋಡಿ, ಯಾರಿಗೂ ಅಲ್ಲ ಎಂಬಂತೆ, "ಹುಡುಗಿಯ ಹೊತ್ತು ಹೋಗ್ತಾ ಉಂಟು" ಎಂದಳು. ನಾನು ಬರೆದೆ. ವಿದ್ಯಾರ್ಥಿನಿಯ ಬಳಿ ಯಾವ ಚೀಟಿಯೂ ಇರಲಿಲ್ಲ, ಮೇಲ್ವಿಚಾರಕಿ ತಪ್ಪು ತಿಳಿದು ಆಕೆಯನ್ನು ಎಬ್ಬಿಸಿದ್ದು, ಇದರ ಪೂರ್ಣ ಹೊಣೆ ನನ್ನದು. ಕೆಳಗೆ ಸಹಿ ಹಾಕಿದೆ. ಪ್ರಿನ್ಸಿಪಾಲರು ಅದನ್ನು ಓದಿ ಎದ್ದು ನಿಂತರು.

"ಹೋದ ನಲವತ್ತು ನಿಮಿಷ ಅವಳಿಗೆ ಕೊಡುವ. ಯಾರಾದರೂ ಕೇಳಿದರೆ ನಾನು ಉತ್ತರ ಹೇಳ್ತೇನೆ" ಎಂದರು. ನಿಯಮದ ಮನುಷ್ಯನ ಬಾಯಲ್ಲಿ ಆ ಮಾತು ಕೇಳಿ ಎಲ್ಲದಕ್ಕೂ ನಿಯಮ ಹೇಳುತ್ತಾರೆಂದು ನನಗೆ ಅವರ ಮೇಲೆ ಇದ್ದ ಹಳೆಯ ಸಿಟ್ಟೆಲ್ಲ ಇಳಿಯಿತು.

ಆಮೇಲೆ ನನಗೆ ನೋಟಿಸು ಬಂತು, ವಿವರಣೆ ಕೊಟ್ಟೆ, ಮುಂದಿನ ಪರೀಕ್ಷೆಗಳಿಗೆ ಮೇಲ್ವಿಚಾರಣೆಯಿಂದ ನನ್ನನ್ನು ಕೈಬಿಟ್ಟರು. ಮಿಸ್ರಿಯಾ ಪಾಸಾದಳು, ಬಿ.ಎಡ್. ಮಾಡಿದಳು, ಈಗ ವಿಜ್ಞಾನ ಕಲಿಸುತ್ತಾಳೆ. ಇದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಹೊಸಬರು ಮರೆಯಬಾರದೆಂದು ನಾನು ಬಯಸುವುದು ಆ ದಿನ ಕೊಠಡಿಗೆ ಮರಳಿದ ಮೇಲೆ ನಡೆದದ್ದನ್ನು.

ಪರೀಕ್ಷೆಯ ಮೂರು ಗಂಟೆ ಮುಗಿದು ಎಲ್ಲರೂ ಹೊರಟರು. ಮಿಸ್ರಿಯಾ ಕೊನೆಯ ಸಾಲಿನ ತನ್ನ ಜಾಗದಲ್ಲಿ ಉಳಿದಳು. ನಾನು ಮುಂದೆ ಕುರ್ಚಿಯಲ್ಲಿ ಕುಳಿತೆ. ಖಾಲಿ ಕೊಠಡಿಯಲ್ಲಿ ನಾವಿಬ್ಬರೇ. ಅವಳು ಬರೆಯಲು ಹೊರಟಳು, ನಿಲ್ಲಿಸಿದಳು, ಪೆನ್ನು ಕೆಳಗಿಟ್ಟಳು. ಪಾಪ, ನನ್ನಿಂದಾಗಿ ಎಲ್ಲ ಮರೆತುಹೋಯಿತೇನೋ ಎಂದುಕೊಂಡೆ. ಎದ್ದು ಹತ್ತಿರ ಹೋದೆ.

"ಎಂತಾಯ್ತು ಮಿಸ್ರಿಯಾ?"

"ಒಂದು ಕೇಳಬಹುದಾ ಮೇಡಂ?"

"ಕೇಳು."

"ಈ ಕೈಯ ಹೊಗೆಸೊಪ್ಪಿನ ವಾಸನೆಗೆ ಮೊದಲ ವರ್ಷ ಹತ್ತಿರ ಕೂತವರು ಎದ್ದು ಹೋಗಿದ್ರು. ಅಂದಿನಿಂದ ನಾನು ಕೈಯನ್ನು ಅಡಿಯಲ್ಲೇ ಇಟ್ಟುಕೊಳ್ಳುವುದು. ಅಡಿಯಲ್ಲಿ ಇಟ್ಟರೆ ಸರಿಯಾಗಿ ಆಡಿಸಲಿಕ್ಕೆ ಆಗುವುದಿಲ್ಲ, ಒಂದೊಂದು ಮಾತು ಬಿಟ್ಟುಹೋಗ್ತದೆ." ಅವಳು ಖಾಲಿ ಬೆಂಚುಗಳನ್ನು ಒಮ್ಮೆ ನೋಡಿದಳು. "ಈಗ ಯಾರೂ ಇಲ್ಲವಲ್ಲ. ಕೈ ಮೇಲೆ ಇಟ್ಟು ಬರೀಲಾ?"

ತಲೆ ಆಡಿಸಿದೆ. ಮಿಸ್ರಿಯಾ ತೋಳನ್ನು ಮೊಣಕೈವರೆಗೆ ಸರಿಸಿ, ಎಡಗೈಯನ್ನು ಬೆಂಚಿನ ಮೇಲೆ, ಬೆಳಕಿನಲ್ಲಿ ಇಟ್ಟಳು. ಬೆರಳುಗಳು ಉರುಳತೊಡಗಿದವು. ನಾನು ಅವಳ ಪಕ್ಕದ ಜಾಗದಲ್ಲಿ ಕುಳಿತೆ.